ಸಾಲಕ್ಕೆ ಹೋದ ಎಡೆದೊರೆ ನಾಡು

ಬಾದಾಮಿ, ಹುನಗುಂದಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಇಳಕಲ್ಲಿನಾಚೆಯ ಕುಷ್ಟಗಿ ನಿಜಾಮನ ಸೀಮೆ. ಕುಷ್ಟಗಿ, ಮುದಗಲ್ಲುಗಳನ್ನೊಳಗೊಂಡ ಆ ರಾಯಚೂರು ದೋಆಬು, ಅಂದರೆ ಹಿಂದಿನ ಎಡೆದೊರೆ ನಾಡು, ಏಳು ವರ್ಷ ಸಾಲದ ಬಾಬತ್ತಿಗೆ ಇಂಗ್ಲಿಷರ ಕೈಸೇರಿತ್ತು. ಪಾಠದ ಅವಸರದಲ್ಲಿ ನಿಮಗೆ ಇದನ್ನು ಹೇಳಲಾಗಲಿಲ್ಲ.

1798ರಲ್ಲಿ ನಿಜಾಮನು ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿದನು. ಮುಂದೆ ಹೈದರಾಬಾದ್ ಕಂಟಿಂಜೆಂಟ್ ಎಂಬ ಇನ್ನೊಂದು ದಂಡೂ ಬೆಳೆಯಿತು. ಅಧಿಕಾರಿಗಳು ಇಂಗ್ಲಿಷರು, ಸಂಬಳ ನಿಜಾಮನದು. ಬಾಕಿ ಏರಿದಂತೆ ಕಂಪನಿಯೇ ಮುಂಗಡ ಕೊಟ್ಟು ಸಾಲ ಬರೆದುಕೊಂಡಿತು. ಖರ್ಚು ಗೊತ್ತುಮಾಡುವವನೇ ಸಾಲಿಗನಾದ ಮೇಲೆ ಸಾಲಗಾರನನ್ನಷ್ಟೇ ದೂರುವುದು ನ್ಯಾಯವೇ? (ಹೈದರಾಬಾದಿನಲ್ಲಿ ದುಂದು ಇತ್ತು, ಅದು ಬೇರೆ ಮಾತು.) ಯೂರೋ ಒಕ್ಕೂಟದ ಗ್ರೀಸ್ 2010ರಲ್ಲಿ ಸಾಲದಲ್ಲಿ ಮುಳುಗಿದಾಗ ನನಗೆ ಇದೇ ನೆನಪಾಯಿತು. ಗ್ರೀಸ್ ತಾನಾಗಿ ಸೇರಿದ ದೇಶ, ಅದರ ಸೀಮೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆದರೆ ನಾಣ್ಯ ತನ್ನ ಕೈಯಲ್ಲಿರಲಿಲ್ಲ, ಆಯವ್ಯಯಕ್ಕೆ ಸಾಲಿಗರು ಷರತ್ತು ಹಾಕಿದರು.

1853ರಲ್ಲಿ ಡಾಲ್‌ಹೌಸಿಯು ಬೇರಾರಿನೊಡನೆ ದೋಆಬನ್ನೂ ಬರೆಸಿಕೊಂಡನು. 1857ರ ದಂಗೆಯಲ್ಲಿ ಹೈದರಾಬಾದು ಇಂಗ್ಲಿಷರ ಪಕ್ಷ ಬಿಡಲಿಲ್ಲ. ಅದರ ಫಲವಾಗಿ 1860ರಲ್ಲಿ 50 ಲಕ್ಷ ರೂಪಾಯಿ ಸಾಲ ಮನ್ನಾ, ದೋಆಬು ವಾಪಸು. ಬಂಡೆದ್ದ ವೆಂಕಟಪ್ಪ ನಾಯಕನ ಸುರಪುರವೂ ಇನಾಮು! ಲೆಕ್ಕದ ಪುಸ್ತಕದಲ್ಲಿ ತೀರದ ಬಾಕಿ ರಾಜಕಾರಣದಲ್ಲಿ ತೀರಿತು. ಬೇರಾರ್ ಮಾತ್ರ ಮರಳಲಿಲ್ಲ; 1902ರಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿಯ ಕಾಯಂ ಗುತ್ತಿಗೆಗೆ ಹೋಯಿತು.