ಗಾಳಿಗಾಗಿ ಬಂದವರ ಊರಲ್ಲಿ ಕಿಟಕಿಗೆ ಬೀಗ

2024ರ ಮಾರ್ಚ್ ತಿಂಗಳ ಒಂದು ರಾತ್ರಿ. ಕೆ.ಆರ್. ಪುರದ ಕಡೆ ಟ್ಯಾಂಕರ್‌ಗೆ ಕಾದು ನಿಂತವರ ಸುದ್ದಿ ಓದಿ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದೆ. ಕೈ ತೊಳೆಯೋಕೆ ನಿಂತವನು ಫೋನ್ ಬಂತು ಅಂತ ಮಾತಾಡ್ತಾ ಇದ್ದೆ. ನಲ್ಲಿ ಸುರೀತಾನೇ ಇತ್ತು. ನೆಲ ಒರೆಸೋ ಅಮ್ಮ ಬಂದರು, ನನ್ನ ಮುಖಾನೂ ನೋಡದೆ ನಲ್ಲಿ ತಿರುಗಿಸಿ ನಿಲ್ಲಿಸಿ ಹೋದರು. ಐದು ನಿಮಿಷದ ಹಿಂದೆ ಇಡೀ ಕರ್ನಾಟಕಕ್ಕೆ ನೀರಿನ ಬಗ್ಗೆ ಬುದ್ಧಿ ಹೇಳಿದ್ದೆ ನಾನು.

ಅವತ್ತು ಮೊದಲ ಸಲ ನಮ್ಮ ಆಫೀಸನ್ನ ಸರಿಯಾಗಿ ನೋಡಿದೆ. ಹೊರಗೆ ಬೇಸಿಗೆ, ಒಳಗೆ ಎಸಿ 18 ಡಿಗ್ರಿ. ಕೋಟು ಹಾಕ್ಕೊಂಡ ನನಗೆ ಅದು ಹಿತ. ಡೆಸ್ಕಿನಲ್ಲಿ ಕೂತವರ ಕುರ್ಚಿಗೊಂದು ಸ್ವೆಟರ್ ನೇತಾಡ್ತಿತ್ತು. ಇಡೀ ಮಹಡಿಯಲ್ಲಿ ತೆಗೆಯೋಕೆ ಬರೋ ಕಿಟಕಿ ಒಂದೂ ಇಲ್ಲ.

ಇದರಲ್ಲಿ ಒಂದು ತಮಾಷೆ ಇದೆ ನೋಡಿ. ಈ ದಂಡು ಪ್ರದೇಶ ಹುಟ್ಟಿದ್ದೇ ಗಾಳಿಗಾಗಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲಿ ಠಿಕಾಣಿ ಹೂಡಿತ್ತು. ಅಲ್ಲಿ ಸೊಳ್ಳೆ, ಮಲೇರಿಯಾ. ಸಿಪಾಯಿಗಳು ಯುದ್ಧವಿಲ್ಲದೆ ಸಾಯೋಕೆ ಶುರುವಾದರು. ಆಗ ಅವರ ಕಣ್ಣಿಗೆ ಬಿದ್ದಿದ್ದು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದ, ಬೇಸಿಗೇಲೂ ಸಂಜೆ ತಂಪಾಗೋ ಬೆಂಗಳೂರು. 1809ರಲ್ಲಿ ಹಲಸೂರಿನ ಪಕ್ಕದಲ್ಲಿ ದಂಡು ಬಂದು ಇಳೀತು. ಇಂದಿನ ಎಂ.ಜಿ. ರಸ್ತೆ, ಶಿವಾಜಿನಗರ ಎಲ್ಲಾ ಅದರ ಹಿಂದೆ ಬೆಳೆದಿದ್ದು. ಅಂದರೆ ಹವೆಗೋಸ್ಕರ ಸೈನ್ಯವನ್ನೇ ಎತ್ತಂಗಡಿ ಮಾಡಿದ ಜಾಗ ಇದು.

ಅವರು ಕಟ್ಟಿದ ಕಚೇರಿಗಳನ್ನ ಈಗಲೂ ನೋಡಬಹುದು. 1868ರಲ್ಲಿ ಮುಗಿದ ಅಠಾರಾ ಕಚೇರಿಯಲ್ಲಿ, ಅಂದರೆ ಇಂದಿನ ಹೈಕೋರ್ಟಿನಲ್ಲಿ, ಕೋಣೆಗಳ ಮುಂದೆ ಉದ್ದಕ್ಕೆ ಕಂಬಸಾಲಿನ ವರಾಂಡ. ಬಿಸಿಲು ವರಾಂಡದಲ್ಲೇ ನಿಲ್ಲುತ್ತೆ, ಗೋಡೆಗೆ ತಾಗಲ್ಲ. 1883ರ ಮೇಯೋ ಹಾಲ್‌ಗೆ ಎತ್ತರದ ಕಿಟಕಿಗಳು. ರಿಚ್ಮಂಡ್ ಟೌನ್, ವೈಟ್‌ಫೀಲ್ಡ್‌ನ ಹಳೇ ಬಂಗಲೆಗಳಿಗೆ ‘ಮಂಕಿ ಟಾಪ್’ ಅಂತ ಕಿಟಕಿ ಮೇಲೆ ಮರದ ಚೂಪು ಟೋಪಿ, ಅದಕ್ಕೆ ಜಾಲರಿ. ಮಳೆ, ಬಿಸಿಲು ಆಚೆ. ಗಾಳಿ ಮಾತ್ರ ಒಳಗೆ. ಸೂರಿನ ಹತ್ತಿರ ಹಗ್ಗ ಎಳೆದು ತೆಗೆಯೋ ವೆಂಟಿಲೇಟರ್. ಬಿಸಿಗಾಳಿ ಹಗುರ, ಮೇಲೇರಿ ಅಲ್ಲಿಂದ ಆಚೆ ಹೋಗುತ್ತೆ, ಕೆಳಗಿಂದ ತಣ್ಣನೆ ಗಾಳಿ ಒಳಗೆ ಬರುತ್ತೆ. ಎಂಜಿನಿಯರಿಂಗ್‌ನಲ್ಲಿ ಇದನ್ನೇ ಸ್ಟ್ಯಾಕ್ ಎಫೆಕ್ಟ್ ಅಂತ ಓದಿ ಪಾಸಾದವನು ನಾನು. ಪಾಸಾದ ಮೇಲೆ ಒಂದು ದಿನವೂ ಅದು ನೆನಪಿಗೆ ಬಂದಿರಲಿಲ್ಲ.

ಹಾಗಂತ ಹಳೇದೆಲ್ಲಾ ಚಿನ್ನ ಅಂತ ನಾನು ಹೇಳಲ್ಲ. ದೊರೆಗಳ ತಲೆ ಮೇಲೆ ಬಟ್ಟೆಯ ಪಂಖಾ ತೂಗಾಡ್ತಿತ್ತಲ್ಲ, ಅದರ ಹಗ್ಗ ಎಳೀತಾ ಗಂಟೆಗಟ್ಟಲೆ ಕೂತವನು ನಮ್ಮವನೇ. ಆ ತಂಪಿಗೂ ಯಾರೋ ಬೆವರು ಸುರಿಸ್ತಿದ್ರು.

1898ರಲ್ಲಿ ಪ್ಲೇಗ್ ಬಂತು. ಗಾಳಿ, ಬೆಳಕಿಲ್ಲದ ಇಕ್ಕಟ್ಟು ಮನೆಗಳು ಜೀವಕ್ಕೇ ಅಪಾಯ ಅನ್ನೋದು ಆಡಳಿತಕ್ಕೆ ಆಗ ಗೊತ್ತಾಯ್ತು. ಪೇಟೆ ಕಡೆ ಬಸವನಗುಡಿ, ಮಲ್ಲೇಶ್ವರ, ದಂಡಿನ ಕಡೆ ಫ್ರೇಜರ್ ಟೌನ್ ಅಂತ ಹೊಸ ಬಡಾವಣೆಗಳು ಎದ್ದವು. ಆಮೇಲೆ 1905ರಲ್ಲಿ ಶಿವನಸಮುದ್ರದ ಕರೆಂಟು ಬಂದು ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಪಂಖಾ ಎಳೆಯೋನಿಗೆ ಮುಕ್ತಿ ಸಿಕ್ಕಿತು. ಒಳ್ಳೇದೇ ಆಯ್ತು.

ನೀರಿನ ಕಥೆಯೂ ಇದೇ ದಾರಿ. ಹಲಸೂರು ಕೆರೆ, ಮಿಲ್ಲರ್ಸ್ ಕೆರೆಗಳು, 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ, ಇವೆಲ್ಲ ದಂಡಿನವರ ಕಣ್ಣೆದುರೇ ಇದ್ದವು. ನೀರು ಇಳಿದರೆ ಕಾಣ್ತಿತ್ತು. 1894ಕ್ಕೆ ಹೆಸರಘಟ್ಟ, 1933ಕ್ಕೆ ತಿಪ್ಪಗೊಂಡನಹಳ್ಳಿ, 1974ಕ್ಕೆ ಕಾವೇರಿ. ಈಗ ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪು ಹಾಕಿ ಗುಡ್ಡ ಹತ್ತಿಸಿದ ನೀರು ನಮ್ಮ ಕಮೋಡಿಗೆ ಬರುತ್ತೆ. ಕೆರೆ ಕಣ್ಣಿಂದ ಮರೆಯಾಯ್ತು, ಲೆಕ್ಕವೂ ಮರೆಯಾಯ್ತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಎರಡು ದಿನ ಸುದ್ದಿಯಾಯ್ತು. ಮೂರನೇ ದಿನ ನಾವೇ, ಮೀಡಿಯಾದವರೇ, ಮರೆತ್ವಿ. 2024ರಲ್ಲಿ ಬೋರ್‌ವೆಲ್ ಒಣಗಿ ಬುಡಕ್ಕೆ ಬಂದಾಗ ಜಲಮಂಡಳಿ ಆಫೀಸು, ಹೋಟೆಲುಗಳ ನಲ್ಲಿಗೆ ಏರೇಟರ್ ಹಾಕಲೇಬೇಕು ಅಂತ ಆದೇಶ ಹೊರಡಿಸಿತು. ನೀರಿನ ಜೊತೆ ಗಾಳಿ ಬೆರೆಸೋ ಒಂದು ಸಣ್ಣ ಜಾಲರಿ ಅಷ್ಟೇ. ಅದಕ್ಕೆ ಬರಗಾಲ ಬರಬೇಕಾಯ್ತು.

ಮತ್ತೆ ಕಿಟಕಿಗೆ ಬರ್ತೀನಿ. 1990ರ ದಶಕದಿಂದ ಪೂರ್ವ ಬೆಂಗಳೂರು ಬದಲಾಯ್ತು. ವೈಟ್‌ಫೀಲ್ಡ್‌ನಲ್ಲಿ ಟೆಕ್ ಪಾರ್ಕ್, ಆಮೇಲೆ ಕೆ.ಆರ್. ಪುರದಿಂದ ಹೊರವರ್ತುಲ ರಸ್ತೆ ಉದ್ದಕ್ಕೂ ಗಾಜಿನ ಪೆಟ್ಟಿಗೆಗಳು. ಚಳಿ ದೇಶದಲ್ಲಿ ಬಿಸಿಲನ್ನ ಒಳಗೆ ಕರೆಯೋಕೆ ಗಾಜು ಬೇಕು. ನಮಗ್ಯಾಕೆ ಸ್ವಾಮಿ? ಪಶ್ಚಿಮಕ್ಕೆ ಗಾಜಿನ ಗೋಡೆ ಕಟ್ಟಿ ಮಧ್ಯಾಹ್ನದ ಬಿಸಿಲು ತುಂಬಿಸ್ಕೊಳ್ಳೋದು, ಅದನ್ನ ಹೊರಗೆ ಹಾಕೋಕೆ ಎಸಿ ಓಡಿಸೋದು, ಕಣ್ಣು ಕುಕ್ಕುತ್ತೆ ಅಂತ ಪರದೆ ಎಳೆಯೋದು, ಕತ್ತಲಾಯ್ತು ಅಂತ ಹಗಲಲ್ಲೇ ಟ್ಯೂಬ್‌ಲೈಟ್ ಹಾಕೋದು. ದೇಶದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007ರಲ್ಲಿ ಬಂತು. ಅದು ಭಾರತವನ್ನ ಐದು ಹವಾಮಾನ ವಲಯ ಮಾಡಿ, ಬೆಂಗಳೂರನ್ನ ಹಿತವಾದ ಹವೆಯ ವಲಯಕ್ಕೆ ಸೇರಿಸಿದೆ. ಚೆನ್ನೈಗೂ ದೆಹಲಿಗೂ ಆ ಭಾಗ್ಯ ಇಲ್ಲ.

ಕಾರಣ ಏನು ಅಂತ ಕೇಳಿದರೆ ದುಡ್ಡಿನ ಲೆಕ್ಕ. ಬಾಡಿಗೆ ಆಫೀಸಿನಲ್ಲಿ ಕಟ್ಟಡ ಕಟ್ಟೋನು ಒಬ್ಬ, ಬಿಲ್ ಕಟ್ಟೋನು ಇನ್ನೊಬ್ಬ. ಕಟ್ಟೋನಿಗೆ ಎಸಿ ಬಿಲ್ಲಿನ ಚಿಂತೆ ಇಲ್ಲ, ಬಾಡಿಗೆಗೆ ಬಂದೋನಿಗೆ ಗೋಡೆ ಬದಲಾಯಿಸೋ ಅಧಿಕಾರ ಇಲ್ಲ. ಉಳಿದ ನಮ್ಮಂಥವರಿಗೆ ‘ಲೈಟ್ ಆರಿಸಿ’ ಅನ್ನೋ ಸ್ಟಿಕ್ಕರ್. ಸ್ಟಿಕ್ಕರ್ ಬೇಡ ಅನ್ನಲ್ಲ. ಆದರೆ ಸ್ವಿಚ್ಚೇ ಕೈಗೆ ಸಿಗದ ಮಹಡಿಯಲ್ಲಿ ಅದನ್ನ ಅಂಟಿಸಿ ಏನು ಪ್ರಯೋಜನ?

‘ಈ ಧೂಳು, ಟ್ರಾಫಿಕ್ಕು, ನಾತದಲ್ಲಿ ಕಿಟಕಿ ತೆಗೆಯೋಕಾಗುತ್ತಾ?’ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂದಿರಾನಗರದ ಪಕ್ಕ ದೊಮ್ಮಲೂರಿಗೆ ಹೋಗಿ ನೋಡಿ. ಅಲ್ಲಿ ಟೆರಿ ಸಂಸ್ಥೆಯ ಕಚೇರಿ ಇದೆ. ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದ್ದು. ಅವರಿಗೆ ಸಿಕ್ಕ ಜಾಗದ ಪಕ್ಕದಲ್ಲೇ ಗಬ್ಬು ನಾರೋ ಮೋರಿ, ಗಾಳಿ ಬೀಸೋದೂ ಅದರ ಕಡೆಯಿಂದಲೇ! ಅವರು ದಕ್ಷಿಣಕ್ಕೆ ಬೆನ್ನು ಹಾಕಿ ಕಟ್ಟಿದರು. ಆ ಕಡೆ ಕಿಟಕಿ ಇಲ್ಲದ ಗೋಡೆ, ಅದರ ಮುಂದೆ ಸ್ವಲ್ಪ ಜಾಗ ಬಿಟ್ಟು ಕಪ್ಪು ಕಡಪ ಕಲ್ಲಿನ ಹೊದಿಕೆ. ಬಿಸಿಲಿಗೆ ಕಲ್ಲು ಕಾಯುತ್ತೆ, ನಡುವಿನ ಗಾಳಿ ಬಿಸಿಯಾಗಿ ಮೇಲೇರುತ್ತೆ, ಅದರ ಸೆಳೆತಕ್ಕೆ ಉತ್ತರದ ಒಳ್ಳೆ ಗಾಳಿ ಇಡೀ ಕಟ್ಟಡ ಹಾದು ಬರುತ್ತೆ. ಸೂರ್ಯನೇ ಫ್ಯಾನು. ಮಾಡಿನಿಂದ ಬೆಳಕು ಒಳಗೆ ಇಳಿಯುತ್ತೆ, ಹಗಲಲ್ಲಿ ದೀಪದ ಹಂಗು ಕಡಿಮೆ. ಮಂಕಿ ಟಾಪ್ ಕಟ್ಟಿದ ಬಡಗಿಗೆ ಗೊತ್ತಿದ್ದ ಸೂತ್ರವೇ ಇದು, ಲೆಕ್ಕ ಹಾಕಿ ಮಾಡಿದ್ದಾರೆ ಅಷ್ಟೇ.

ನಮ್ಮ ಕಟ್ಟಡವನ್ನ ಒಡೆದು ಹಾಗೆ ಕಟ್ಟೋಕೆ ಆಗಲ್ಲ. ಹಾಗಾಗಿ ನಾನು ಕೇಳಿದ್ದು ಒಂದೇ ಪ್ರಶ್ನೆ: 18 ಯಾಕೆ? ಹಳೇ ಎಲೆಕ್ಟ್ರಿಷಿಯನ್ ಉತ್ತರ ಕೊಟ್ಟರು. ಮೊದಲು ಸ್ಟುಡಿಯೋದಲ್ಲಿ ಸಾವಿರ ವ್ಯಾಟಿನ ಲೈಟುಗಳು ಇದ್ದವಂತೆ, ಒಲೆ ಥರ ಕಾಯ್ತಿದ್ದವಂತೆ. ಅವು ಹೋಗಿ ಎಲ್‌ಇಡಿ ಬಂದು ವರ್ಷಗಳೇ ಆಗಿವೆ. ಎಸಿಗೆ ಆ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತೆ ಅನ್ನೋದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಲೆಕ್ಕ. ನಮ್ಮದು 18ರಿಂದ 24ಕ್ಕೆ ಏರಬೇಕು ಅಂದರೆ ಆರು ಡಿಗ್ರಿ. ಮೂರನೇ ಒಂದು ಪಾಲು ಉಳಿತಾಯ ಅಂತ ಕಾಗದದಲ್ಲಿ ಬರೆದು ಮ್ಯಾನೇಜರ್ ಮುಂದಿಟ್ಟೆ. ಮೂರು ಮೀಟಿಂಗ್ ಆಯ್ತು. 24 ಮಾಡಿದರು. ಮೊದಲ ವಾರ ಕೋಟಿನೊಳಗೆ ನಾನು ಬೆವೆತಿದ್ದು ನಿಜ. ಈಗ ತೆಳು ಕೋಟು ಹೊಲಿಸಿದ್ದೀನಿ.

ಮೊನ್ನೆ ಆ ಅಮ್ಮ ನೆಲ ಒರೆಸ್ತಾ ನಿಂತು ಕೇಳಿದರು: “ಏನ್ ಸಾರ್, ಯಾರೂ ಸ್ವೆಟರ್ ಹಾಕ್ಕೊಂಡಿಲ್ಲ? ಎಸಿ ಕೆಟ್ಟೋಯ್ತಾ?”