ಮಂಡ್ಯದ ವಕೀಲ, ಮದ್ರಾಸಿನ ಕಾಗದ

ಐಪಿಎಲ್ ಶುರುವಾದರೆ ಸೌಕಾರ್‌ಪೇಟೆಯ ರಾತ್ರಿಗಳು ಇನ್ನಷ್ಟು ಉದ್ದವಾಗುತ್ತವೆ. ಮಿಂಟ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ ನಾನು ದಿನಾ ಲಸ್ಸಿ ಕುಡಿಯುವ ಅಂಗಡಿಯೊಂದಿದೆ. ಯಜಮಾನರು ಮಾರ್ವಾಡಿಗಳು, ಅಜ್ಜನ ಕಾಲದಿಂದ ಇಲ್ಲೇ ಇರುವವರು. ನನಗಿಂತ ಚೆನ್ನಾಗಿ ತಮಿಳು ಮಾತಾಡುತ್ತಾರೆ. ಒಂದು ರಾತ್ರಿ ಟೀವಿಯಲ್ಲಿ ಬೆಂಗಳೂರಿನ ಪಂದ್ಯ ಬರುತ್ತಿತ್ತು. ಅವರು ಲೋಟ ಮುಂದಿಟ್ಟು ಕೇಳಿದರು: "ವಕೀಲ್ ಸಾಬ್, ನಿಮ್ಮ ಊರಿನ ಸ್ಟೇಡಿಯಂಗೆ ನಮ್ಮ ಕಡೆಯವರ ಹೆಸರು ಇಟ್ಟಿದ್ದೀರಲ್ಲ, ಯಾರದು ಚಿನ್ನಸ್ವಾಮಿ?"

"ನಿಮ್ಮ ಕಡೆಯವರಲ್ಲ, ನಮ್ಮ ಮಂಡ್ಯದವರು," ಅಂದೆ.

"ದೊಡ್ಡ ಆಟಗಾರರಾ?"

"ಅಲ್ಲ, ವಕೀಲರು."

"ವಕೀಲರ ಹೆಸರಲ್ಲಿ ಸ್ಟೇಡಿಯಮ್ಮಾ?" ಎಂದು ಅವರು ನಕ್ಕರು. ನಾನೂ ನಕ್ಕೆ. ಆದರೆ ರೂಮಿಗೆ ಬಂದ ಮೇಲೆ ನಾಚಿಕೆಯಾಯಿತು. ಆ ಹೆಸರನ್ನು ನೂರಾರು ಸಲ ಹೇಳಿದ್ದೇನೆ. ಅದೇ ವೃತ್ತಿಯಲ್ಲಿ ಅನ್ನ ತಿನ್ನುತ್ತಿದ್ದೇನೆ. ಆದರೂ ಆ ಮನುಷ್ಯನ ಬಗ್ಗೆ ಎರಡು ವಾಕ್ಯಕ್ಕಿಂತ ಹೆಚ್ಚು ಹೇಳಲು ನನ್ನಿಂದ ಆಗಿರಲಿಲ್ಲ. ಆ ರಾತ್ರಿ ಕೊಡಬೇಕಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಆ ಉತ್ತರ ಮಂಡ್ಯದಿಂದಲ್ಲ, ಸೌಕಾರ್‌ಪೇಟೆಯ ಪಕ್ಕದಿಂದಲೇ ಶುರುವಾಗುತ್ತದೆ. ಎನ್‌ಎಸ್‌ಸಿ ಬೋಸ್ ರಸ್ತೆ ಹಿಡಿದು ಪೂರ್ವಕ್ಕೆ ನಡೆದರೆ ಹೈಕೋರ್ಟಿನ ಕೆಂಪು ಗುಮ್ಮಟಗಳು ಕಾಣುತ್ತವೆ. ಕೋಟೆಗೂ ಪೇಟೆಗೂ ನಡುವಿನ ಬಯಲಿಗೆ ಹಿಂದೆ ಎಸ್‌ಪ್ಲನೇಡ್ ಎನ್ನುತ್ತಿದ್ದರು. 1888ರಲ್ಲಿ ಬುಚ್ಚಿಬಾಬು ನಾಯ್ಡು ಅಲ್ಲಿ ಮದ್ರಾಸ್ ಯುನೈಟೆಡ್ ಕ್ಲಬ್ ಕಟ್ಟಿದರು. ಚೆಪಾಕ್ ಆಗ ಬಿಳಿಯರ ಕ್ಲಬ್ಬಿನ ಕೈಯಲ್ಲಿತ್ತು. ಅಲ್ಲಿ ಆಡಲು ಹೋದ ಭಾರತೀಯರಿಗೆ ಪೆವಿಲಿಯನ್ನಿನಲ್ಲಿ ಜಾಗವಿರಲಿಲ್ಲ, ಊಟಕ್ಕೆ ಮರದ ನೆರಳೇ ಗತಿ. ಆಡುವ ಕೈ ಇದ್ದರೆ ಸಾಲದು, ಕೂರಲು ನಮ್ಮದೇ ಜಾಗ ಬೇಕು ಎಂಬುದು ಈ ಊರಿಗೆ ಬೇಗ ಅರ್ಥವಾಗಿತ್ತು.

ಅದೇ ಚೆಪಾಕಿನಲ್ಲಿ 1934ರ ನವೆಂಬರ್ 4ರಂದು ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆಯಿತು. ಮದ್ರಾಸಿನ ಎದುರಾಳಿ ನಮ್ಮ ಮೈಸೂರು. ಮೊದಲ ಇನಿಂಗ್ಸಿನಲ್ಲಿ ನಮ್ಮವರು 48ಕ್ಕೆ ಆಲೌಟ್, ಎರಡನೆಯದರಲ್ಲಿ 59ಕ್ಕೆ. ಎ.ಜಿ. ರಾಮ್‌ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಮದ್ರಾಸ್ ಹೊಡೆದದ್ದು 130 ಮಾತ್ರ, ಅಷ್ಟಕ್ಕೇ ಇನಿಂಗ್ಸ್ ಗೆಲುವು. ಬೆಳಿಗ್ಗೆ ಶುರುವಾದ ಪಂದ್ಯ ಆ ಸಂಜೆಗೇ ಮುಗಿದಿತ್ತು. ಮೈಸೂರು ರಾಜ್ಯದ ಕ್ರಿಕೆಟ್ ಸಂಸ್ಥೆ ಹುಟ್ಟಿ ಆಗ ಒಂದು ವರ್ಷವಾಗಿತ್ತಷ್ಟೆ.

ಮುಂದೆ ಈ ಸಂಸ್ಥೆಗೆ ಬಂದು ಸೇರಿದವರು ಮಂಗಳಂ ಚಿನ್ನಸ್ವಾಮಿ ಮೊದಲಿಯಾರ್. ಹುಟ್ಟಿದ್ದು 1900ರಲ್ಲಿ, ವೃತ್ತಿ ಮಂಡ್ಯದಲ್ಲಿ ವಕೀಲಿ. ಐವತ್ತರ ದಶಕದಿಂದ ಎಪ್ಪತ್ತರ ದಶಕದ ಕೊನೆಯವರೆಗೆ ಅವರು ರಾಜ್ಯ ಸಂಸ್ಥೆಯ ಕಾರ್ಯದರ್ಶಿ, ಆಮೇಲೆ ಅಧ್ಯಕ್ಷ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಕಾರ್ಯದರ್ಶಿ, 1977ರಿಂದ 1980ರವರೆಗೆ ಅದರ ಅಧ್ಯಕ್ಷ. ಬದುಕಿದ್ದು 1991ರವರೆಗೆ.

ವಕೀಲರು ಆಟದ ಚುಕ್ಕಾಣಿ ಹಿಡಿಯುವುದು ಹೊಸತೇನಲ್ಲ. ಉತ್ತರ ಅಮೆರಿಕದ ಐಸ್ ಹಾಕಿ ಲೀಗಿಗೆ 1993ರಲ್ಲಿ ಕಮಿಷನರ್ ಆದ ಗ್ಯಾರಿ ಬೆಟ್ಮನ್ ವಕೀಲ. 2007ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದ ಆನಾಹೈಮ್ ಡಕ್ಸ್ ತಂಡವನ್ನು ನಡೆಸುತ್ತಿದ್ದ ಬ್ರಯಾನ್ ಬರ್ಕ್ ಹಾರ್ವರ್ಡಿನಲ್ಲಿ ಕಾನೂನು ಓದಿದವರು. ಅಲ್ಲಿ ಅದು ಸಂಬಳದ ಕೆಲಸ. ಆಟಗಾರರ ಕರಾರು, ಸಂಬಳದ ಮಿತಿ, ಟೀವಿ ಹಕ್ಕು ಎಲ್ಲವೂ ಕಾಗದದ ವ್ಯವಹಾರ, ಆದ್ದರಿಂದ ಕಾಗದ ಬಲ್ಲವರು ಬೇಕು. ಗೆಲ್ಲಿಸದಿದ್ದರೆ ಅವರನ್ನೂ ಮನೆಗೆ ಕಳಿಸುತ್ತಾರೆ. ನಮ್ಮ ಚಿನ್ನಸ್ವಾಮಿಯವರದು ಗೌರವ ಹುದ್ದೆ. ಹೊಟ್ಟೆಪಾಡಿಗೆ ಕಕ್ಷಿದಾರರು, ಮಿಕ್ಕ ಹೊತ್ತು ಕ್ರಿಕೆಟ್ಟು.

ಈ ಮಿಕ್ಕ ಹೊತ್ತಿನಲ್ಲಿ ಆದದ್ದೇನು? ಅದುವರೆಗೆ ಬೆಂಗಳೂರಿನ ದೊಡ್ಡ ಪಂದ್ಯಗಳಿಗೆ ಸೆಂಟ್ರಲ್ ಕಾಲೇಜಿನ ಮೈದಾನವೇ ಆಧಾರ. ಸಂಸ್ಥೆಗೆ ಸ್ವಂತದ್ದೊಂದು ನೆಲೆಯಿರಲಿಲ್ಲ. ಚಿನ್ನಸ್ವಾಮಿ ಮತ್ತವರ ಜೊತೆಯವರು ಕಬ್ಬನ್ ಪಾರ್ಕಿನ ಪಕ್ಕದಲ್ಲಿ ಸರ್ಕಾರದಿಂದ ದೀರ್ಘಾವಧಿಯ ಗುತ್ತಿಗೆಗೆ ಜಾಗ ಪಡೆದರು. 1969ರ ಮೇನಲ್ಲಿ ಶಂಕುಸ್ಥಾಪನೆ, 1970ರಲ್ಲಿ ಕಟ್ಟುವ ಕೆಲಸ ಶುರು. ಗುತ್ತಿಗೆ ಪತ್ರವೊಂದರ ಕರಡು ತಿದ್ದಿದವರಿಗೆ ಗೊತ್ತು, ಸರ್ಕಾರದ ನೆಲವನ್ನು ಸಂಸ್ಥೆಯೊಂದರ ಹೆಸರಿಗೆ ತರುವುದು ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸವಲ್ಲ. ಕಡತದ ಹಿಂದೆ ಕಾಲು ಸವೆಸಬೇಕು.

ಫಲ ಬೇಗ ಸಿಕ್ಕಿತು. 1958-59ರಿಂದ ಸತತ 15 ವರ್ಷ ಬೊಂಬಾಯಿಯೇ ರಣಜಿ ಗೆದ್ದಿತ್ತು. ಫೈನಲ್ಲಿನಲ್ಲಿ ಅವರ ಕೈಲಿ ಸೋಲುವುದು ಮೈಸೂರಿಗೂ ರೂಢಿಯಾಗಿತ್ತು, 1941-42ರಲ್ಲಿ ಒಮ್ಮೆ, 1959-60ರಲ್ಲಿ ಇನ್ನೊಮ್ಮೆ. 1974ರಲ್ಲಿ ಬೊಂಬಾಯಿ ಸೆಮಿಫೈನಲ್ ಆಡಲು ಬಂದದ್ದು ಈ ಹೊಸ ಮೈದಾನಕ್ಕೆ. ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಬಾರಿಸಿದರು, ಪ್ರಸನ್ನ ಗವಾಸ್ಕರರ ದಾಂಡು ತಪ್ಪಿಸಿ ಬೇಲ್ಸ್ ಉರುಳಿಸಿದರು. ಮುಂದೆ ರಾಜಸ್ಥಾನವನ್ನೂ ಸೋಲಿಸಿ ಕರ್ನಾಟಕ ಮೊದಲ ಸಲ ರಣಜಿ ಎತ್ತಿತು. ಚೆಪಾಕಿನ ಆ ಒಂದೇ ದಿನದ ಸೋಲಿನಿಂದ ಇಲ್ಲಿಗೆ 40 ವರ್ಷ. ಅದೇ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ಬಂದು ಬೆಂಗಳೂರಿನ ಮೊದಲ ಟೆಸ್ಟ್ ಆಡಿತು. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್ ಅಂಗಳಕ್ಕೆ ಕಾಲಿಟ್ಟದ್ದು ಅಲ್ಲೇ.

ಇಷ್ಟು ಬರೆದು ಕೈಮುಗಿದರೆ ಅದು ಹಾರ ಹಾಕಿದಂತಾಗುತ್ತದೆ. ಅವರು ಮಂಡಳಿಯ ಅಧ್ಯಕ್ಷರಾದಾಗ ವಯಸ್ಸು 77. ಆಸ್ಟ್ರೇಲಿಯಾದಲ್ಲಿ ಕೆರಿ ಪ್ಯಾಕರ್ ಆಟಗಾರರಿಗೆ ದುಡ್ಡು ಸುರಿದು ತನ್ನದೇ ಪಂದ್ಯ ನಡೆಸಲು ಹೊರಟ ಕಾಲ ಅದು. ಅವನ ಬಳಿ ಹೋದವರನ್ನು ನಿಷೇಧಿಸಲು ಹೊರಟ ಕ್ರಿಕೆಟ್ ದೊರೆಗಳಿಗೆ 1977ರ ನವೆಂಬರಿನಲ್ಲಿ ಲಂಡನ್ನಿನ ಹೈಕೋರ್ಟ್ ಛೀಮಾರಿ ಹಾಕಿತು. ಆಟಗಾರನೂ ದುಡಿದು ತಿನ್ನುವವನು, ಅವನ ದುಡಿಮೆಗೆ ಅಡ್ಡಗಟ್ಟುವಂತಿಲ್ಲ ಎಂಬುದು ತೀರ್ಪಿನ ತಿರುಳು. ನಮ್ಮಲ್ಲಿ ಆ ಗಾಳಿ ಬೀಸಲು ಇನ್ನೂ ಹೊತ್ತಿತ್ತು. 1979ರಲ್ಲಿ ಈ ಮದ್ರಾಸಿನ ವೆಂಕಟರಾಘವನ್ ನಾಯಕರಾಗಿ ಇಂಗ್ಲೆಂಡ್ ಪ್ರವಾಸ ಮುಗಿಸಿ ವಿಮಾನದಲ್ಲಿ ಬರುತ್ತಿದ್ದರು. ಮುಂದಿನ ಸರಣಿಗೆ ಗವಾಸ್ಕರ್ ನಾಯಕ ಎಂಬ ಸುದ್ದಿ ಅವರ ಕಿವಿಗೆ ಬಿದ್ದದ್ದು ಪೈಲಟ್ಟಿನ ಘೋಷಣೆಯಲ್ಲಿ. ಈ ಊರಿನ ಹಳಬರು ಅದನ್ನು ಇನ್ನೂ ಮರೆತಿಲ್ಲ. ನಾಯಕನನ್ನು ಆರಿಸುವುದು ಆಯ್ಕೆ ಸಮಿತಿ ನಿಜ, ಆದರೆ ಒಂದು ಮಾತು ಮೊದಲೇ ತಿಳಿಸಬೇಕೆಂಬ ಕಟ್ಟುಪಾಡು ಮಂಡಳಿಯಲ್ಲಿರಲಿಲ್ಲ. ದುಡ್ಡು ತೆಗೆದುಕೊಳ್ಳದೆ ದುಡಿಯುವ ದೊಡ್ಡವರನ್ನು ಪ್ರಶ್ನೆ ಕೇಳುವವರೂ ಇರುವುದಿಲ್ಲ. ಗೌರವ ಹುದ್ದೆಯ ತೊಡಕೇ ಅದು.

ಪ್ರಶ್ನೆ ಕೇಳುವ ಕಾಲ ಬಂದಾಗ ಕಾಗದ ಮತ್ತೆ ಈ ಊರಿಗೇ ಬಂತು. ನಮ್ಮ ಕ್ರಿಕೆಟ್ ಮಂಡಳಿಯ ಕಚೇರಿ ಮುಂಬೈಯಲ್ಲಿದ್ದರೂ ಕಾನೂನಿನ ಕಣ್ಣಲ್ಲಿ ಅದು ಮದ್ರಾಸಿನಲ್ಲಿ ನೋಂದಣಿಯಾದ ಒಂದು ಸಂಘ. 1940ರಲ್ಲಿ ನೋಂದಣಿಯಾದಾಗ ಅಧ್ಯಕ್ಷರಾಗಿದ್ದವರು ಪಿ. ಸುಬ್ಬರಾಯನ್, ಇದೇ ಹೈಕೋರ್ಟಿನಲ್ಲಿ ವಕೀಲಿ ಮಾಡಿ, 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತ್ಯದ ಸರ್ಕಾರ ನಡೆಸಿದವರು. 2015ರಲ್ಲಿ ಸುಪ್ರೀಂ ಕೋರ್ಟ್, ಮಂಡಳಿ ಮಾಡುತ್ತಿರುವುದು ಸಾರ್ವಜನಿಕ ಕೆಲಸ, ಅದು ಕಾನೂನಿಗೆ ಉತ್ತರ ಹೇಳಬೇಕು ಎಂದಿತು. ನ್ಯಾಯಮೂರ್ತಿ ಲೋಧಾ ಸಮಿತಿ ಹೊಸ ಕಟ್ಟಳೆ ಸೂಚಿಸಿತು. 2018ರ ಆಗಸ್ಟಿನಲ್ಲಿ ಹೊಸ ನಿಯಮಾವಳಿಯನ್ನು ಕೋರ್ಟು ಒಪ್ಪಿದಾಗ, ಅದನ್ನು ದಾಖಲಿಸಿಕೊಳ್ಳಬೇಕಾದದ್ದು ತಮಿಳುನಾಡಿನ ಸಂಘಗಳ ನೋಂದಣಾಧಿಕಾರಿ. ಭಜನಾ ಮಂಡಳಿ, ಬಾಡಿಗೆದಾರರ ಸಂಘಗಳ ಕಾಗದ ಹಿಡಿದು ನನ್ನಂಥ ಜೂನಿಯರುಗಳು ಅಲೆಯುವುದು ಇದೇ ಇಲಾಖೆಯಲ್ಲಿ.

ಆ ನಿಯಮಾವಳಿ ಓದಿದಾಗ ಒಂದು ಕಡೆ ನಿಂತುಬಿಟ್ಟೆ. ಪದಾಧಿಕಾರಿಗೆ 70 ದಾಟಿರಬಾರದು. ಹುದ್ದೆಯಲ್ಲಿರುವ ವರ್ಷಗಳಿಗೂ ಮಿತಿ. ಅಂದರೆ 77ಕ್ಕೆ ಅಧ್ಯಕ್ಷರಾದ, ರಾಜ್ಯ ಸಂಸ್ಥೆಯಲ್ಲಿ ದಶಕಗಳ ಕಾಲ ಕೂತ ಚಿನ್ನಸ್ವಾಮಿ ಇಂದು ಆ ಕುರ್ಚಿಯ ಹತ್ತಿರವೂ ಸುಳಿಯುವಂತಿಲ್ಲ. ಅವರ ಹೆಸರಿನ ಸ್ಟೇಡಿಯಂ ಇರುತ್ತದೆ, ಅವರಂಥವರು ಇರುವಂತಿಲ್ಲ. ಮೊದಲಿಗೆ ಅನ್ಯಾಯ ಅನ್ನಿಸಿತು. ಎರಡು ಅವಧಿಯಲ್ಲಿ ಯಾರು ತಾನೇ ಅಂಥ ಸ್ಟೇಡಿಯಂ ಕಟ್ಟಿಯಾರು?

ಆಮೇಲೆ 2025ರ ಜೂನ್ 4 ನೆನಪಾಯಿತು. ಆರ್‌ಸಿಬಿ ಕಪ್ ಗೆದ್ದ ಸಂಭ್ರಮಕ್ಕೆಂದು ಬಂದ 11 ಜನ ಆ ಸ್ಟೇಡಿಯಮ್ಮಿನ ಹೊರಗೆ ಕಾಲ್ತುಳಿತದಲ್ಲಿ ಸತ್ತರು. ಹೊಣೆ ಯಾರದು ಎಂಬ ಪ್ರಶ್ನೆ ಹೈಕೋರ್ಟಿನವರೆಗೆ ಹೋಯಿತು. ಇಷ್ಟು ಜನ, ಇಷ್ಟು ದುಡ್ಡು ಸೇರುವ ಜಾಗದಲ್ಲಿ ಒಬ್ಬ ಒಳ್ಳೆಯ ಮನುಷ್ಯ ಸಿಕ್ಕಾನೆಂಬ ನಂಬಿಕೆ ಸಾಲದು. ಉತ್ತರ ಹೇಳುವವರು ಯಾರೆಂದು ಕಾಗದದ ಮೇಲೆ ಇರಬೇಕು. ಅದನ್ನು ಚಿನ್ನಸ್ವಾಮಿಯವರಂಥ ವಕೀಲರು ಒಪ್ಪದೆ ಇರುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಇದನ್ನೆಲ್ಲ ಮೊನ್ನೆ ಲಸ್ಸಿ ಅಂಗಡಿಯಲ್ಲಿ ಹೇಳಿದೆ. ಯಜಮಾನರು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಮ್ಮ ಬಾವೂಜಿಗೆ ಎಂಬತ್ತಾಯಿತು," ಅಂದರು. "ಗಲ್ಲಾದ ಕೀಲಿಕೈ ಇನ್ನೂ ಅವರ ಹತ್ತಿರವೇ. ಯಾರೂ ಕೇಳೋ ಹಾಗಿಲ್ಲ, ಅಂಗಡಿ ಅವರದು. ಕ್ರಿಕೆಟ್ಟು ಯಾರದು, ವಕೀಲ್ ಸಾಬ್?"