ತಗರಪುರದ ಮಣ್ಣು

ಬೀದರ ಜಿಲ್ಲೆಯ ಭಾಲ್ಕಿ, ಔರಾದ ತಾಲೂಕುಗಳಲ್ಲಿ ಹರಿಯುವ ಮಾಂಜರಾ ನದಿಗೆ ಪಶ್ಚಿಮದಿಂದ ಬಂದು ಸೇರುವ ಹೊಳೆ ತೇರಣಾ. ಅದರ ದಂಡೆಯ ಮೇಲೆ, ನೆರೆಯ ಧಾರಾಶಿವ (ಹಿಂದಿನ ಉಸ್ಮಾನಾಬಾದ) ಜಿಲ್ಲೆಯಲ್ಲಿ, ತೇರ ಎಂಬ ಗ್ರಾಮವಿದೆ. ಗ್ರಾಮದ ಅಡಿಯಲ್ಲಿಯೂ ಸುತ್ತಲಿನ ದಿಬ್ಬಗಳಲ್ಲಿಯೂ ಪುರಾತನ ತಗರಪುರವು ಹುದುಗಿದೆ.

ಕ್ರಿ.ಶ. 1ನೆಯ ಶತಮಾನದ ಗ್ರೀಕ್ ಗ್ರಂಥ ‘ಪೆರಿಪ್ಲಸ್’ ತಗರವನ್ನು ಪೈಠಣದಿಂದ ಪೂರ್ವಕ್ಕೆ 10 ದಿನಗಳ ಹಾದಿಯಲ್ಲಿರುವ ಮಹಾನಗರವೆಂದು ವರ್ಣಿಸಿದೆ. ಇಲ್ಲಿಯ ಹತ್ತಿಯ ಅರಿವೆಗಳು ಬಂಡಿಗಳಲ್ಲಿ ಭೃಗುಕಚ್ಛದ ಬಂದರಿಗೆ ಸಾಗುತ್ತಿದ್ದವು. ಆ ತಗರವೇ ಇಂದಿನ ತೇರವೆಂದು 1901ರಲ್ಲಿ ಜೆ. ಎಫ್. ಫ್ಲೀಟರು ಪ್ರತಿಪಾದಿಸಿದರು. 1958ರಲ್ಲಿಯೂ ತರುವಾಯವೂ ನಡೆದ ಉತ್ಖನನಗಳು ಶಾತವಾಹನರ ಕಾಲದ ಜನವಸತಿಯನ್ನು ಬೆಳಕಿಗೆ ತಂದವು. ಇಲ್ಲಿ ದೊರೆತ ದಂತದ ಸ್ತ್ರೀಮೂರ್ತಿಯು, ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಇಟಲಿಯ ಪಾಂಪೇಯಿ ನಗರದಲ್ಲಿ ಸಿಕ್ಕ ಭಾರತೀಯ ದಂತಮೂರ್ತಿಯನ್ನು ಹೋಲುತ್ತದೆ.

ಜೈನರಿಗೂ ಈ ಸ್ಥಳಕ್ಕೂ ಹಳೆಯ ನಂಟುಂಟು. ಕನಕಾಮರ ಮುನಿಗಳ ಅಪಭ್ರಂಶ ಕಾವ್ಯ ‘ಕರಕಂಡಚರಿಉ’ವಿನಲ್ಲಿ ತೇರಾಪುರವೂ ಸಮೀಪದ ಗುಹೆಯ ಪಾರ್ಶ್ವನಾಥ ಬಿಂಬವೂ ಬರುತ್ತವೆ, ಆ ಗುಹೆಗಳನ್ನು ಧಾರಾಶಿವದ ಗುಹೆಗಳೆಂದು ಗುರುತಿಸಲಾಗಿದೆ. ಕೊಲ್ಲಾಪುರದ ಶಿಲಾಹಾರರು ‘ತಗರಪುರವರಾಧೀಶ್ವರ’ ಎಂಬ ಬಿರುದನ್ನು ಧರಿಸಿದ್ದರು. ಆ ವಂಶದ ಗಂಡರಾದಿತ್ಯನ ಸಾಮಂತ ನಿಂಬದೇವನು ಬಸದಿಯನ್ನು ಕಟ್ಟಿಸಿದ ಧರ್ಮಿಷ್ಠನು.

ಶಾಸನವು ಅರಸರನ್ನು ಹೇಳುತ್ತದೆ. ನೆಯ್ದವರನ್ನೂ ಮಾರಿದವರನ್ನೂ ಉಂಡುಟ್ಟವರನ್ನೂ ಹೇಳುವುದು ಮಣ್ಣು. ದಿಬ್ಬದಲ್ಲಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಒಂದೇ ಪದರದ ನಾಣ್ಯವು ಪಕ್ಕದ ಮಡಕೆಯ ಕಾಲವನ್ನು ತಿಳಿಸುತ್ತದೆ. ಗೋಡೆಗೆಂದೋ ಹೊಲಕ್ಕೆಂದೋ ಹಾಳುಮಣ್ಣನ್ನು ಅಗೆದು ಸಾಗಿಸಿದರೆ ನಾಣ್ಯ ಉಳಿದೀತು, ಅದರ ಸಾಕ್ಷ್ಯ ಉಳಿಯದು. ತೇರದ ರಾಮಲಿಂಗಪ್ಪ ಲಾಮತೂರೆಯವರು ಊರಿನಲ್ಲಿ ಸಿಕ್ಕ ವಸ್ತುಗಳನ್ನು ಶ್ರಮದಿಂದ ಸಂಗ್ರಹಿಸಿದರು. ಅವರ ಹೆಸರಿನ ವಸ್ತುಸಂಗ್ರಹಾಲಯ ಇಂದು ಅಲ್ಲಿದೆ. ಅವರ ಆಸ್ಥೆಯಿಲ್ಲದಿದ್ದರೆ ಎಷ್ಟೋ ವಸ್ತುಗಳು ಚದುರಿಹೋಗುತ್ತಿದ್ದವು. ಆದರೂ ಪದರದಿಂದ ಬೇರ್ಪಟ್ಟ ವಸ್ತುವು ತನ್ನ ಕಥೆಯನ್ನು ಅರ್ಧ ಮಾತ್ರ ಹೇಳಬಲ್ಲುದು.

ಬಸದಿಗೋ ಬಾವಿಗೋ ಮನೆಗೋ ನೆಲವನ್ನು ಅಗೆಯುವ ಪ್ರತಿಯೊಂದು ಗ್ರಾಮಕ್ಕೂ ಈ ಮಾತು ಅನ್ವಯಿಸುತ್ತದೆ. ನೆಲದಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ವಿಧಿಸಿದೆ. ಮಣ್ಣಿನಿಂದ ಜಿನಬಿಂಬವೊಂದು ಹೊರಬಂದಾಗ ಶ್ರಾವಕರು ಅದನ್ನು ತೊಳೆದು ಪೂಜಿಸಲು ಬಯಸುವುದು ಸಹಜವೇ. ಆದರೆ ಅದು ದೊರೆತ ಆಳ, ಒರಗಿದ್ದ ಇಟ್ಟಿಗೆ, ಬಳಿಯ ಮಡಕೆಚೂರು—ಇವೂ ಆ ಬಿಂಬದ ಚರಿತ್ರೆಯೇ. ಬಲ್ಲವರು ಬಂದು ನೋಡುವವರೆಗೆ ಅಗೆತವನ್ನು ನಿಲ್ಲಿಸುವುದೂ ಧರ್ಮರಕ್ಷಣೆಯ ಕಾರ್ಯವೆಂದು ಸಮಾಜ ಬಾಂಧವರು ಭಾವಿಸಬೇಕು.